ಮನೆಯೊಳಗೊಂದು ಹಳೇಬೀಡು

ಹೆಸರಿಡುವ ಕೆಲಸ ನನ್ನ ಪಾಲಿಗೆ ಬಂದದ್ದೇ ಕಡಿಮೆ. ಮಕ್ಕಳಿಲ್ಲ, ಆದ್ದರಿಂದ ತೊಟ್ಟಿಲ ಮುಂದೆ ಬಗ್ಗಿ ಕಿವಿಯಲ್ಲಿ ಉಸುರುವ ಯೋಗ ಕೂಡಿಬರಲಿಲ್ಲ. ನಾಯಿ ಬೆಕ್ಕು ಸಾಕಲಿಲ್ಲ. ಮನೆ ಕಟ್ಟಿಸಿದಾಗ ಹೆಸರಿನ ಕಲ್ಲು ಕೂರಿಸಲೆಂದು ಮೇಸ್ತ್ರಿ ಗೇಟಿನ ಕಂಬದಲ್ಲಿ ಬಿಟ್ಟ ಚೌಕ ಇವತ್ತಿಗೂ ಖಾಲಿಯಿದೆ. ಅದರಲ್ಲಿ ಕಣಜ ಗೂಡು ಕಟ್ಟಿಕೊಂಡಿದೆ. ಹೀಗೆ ಅರವತ್ತು ದಾಟುವ ತನಕ ಯಾವುದಕ್ಕೂ ಹೆಸರಿಡದೆ ನುಣುಚಿಕೊಂಡು ಬಂದ ನನ್ನನ್ನು ಹೋದ ಬೇಸಿಗೆಯಲ್ಲಿ ಅಂಗೈ ಅಗಲದ ಒಂದು ಬಿಳಿ ಡಬ್ಬಿ ಅಡ್ಡ ಹಾಕಿ ನಿಲ್ಲಿಸಿತು. ನಿಮ್ಮ ಮನೆಯ ಜಾಲದ ಹೆಸರೇನು, ಹೇಳಿ, ಆಮೇಲೆ ಮುಂದಿನ ಮಾತು ಎಂದಿತು.

ವೈಫೈಗೆ ಇಡುವ ಹೆಸರಲ್ಲ ಇದು. ಅದು ಬೀದಿಯವರೆಲ್ಲ ನೋಡುವ ಹೆಸರು. ನಮ್ಮ ಬೀದಿಯಲ್ಲಿ ಒಬ್ಬರು ಅದಕ್ಕೆ ‘ದುಡ್ಡು ಕೊಟ್ಟು ಹಾಕಿಸಿಕೊ’ ಎಂದೇ ಇಟ್ಟಿದ್ದಾರೆ. ನಾನು ಹೇಳುತ್ತಿರುವುದು ಮನೆಯೊಳಗಿನ ಸಾಮಾನುಗಳು ಒಂದನ್ನೊಂದು ಕರೆದುಕೊಳ್ಳಲು ಬೇಕಾದ ಹೆಸರು. ಒಂದು ರೀತಿಯಲ್ಲಿ ಅವುಗಳ ಮನೆತನದ ಹೆಸರು ಅನ್ನಿ. ಬಾಗಿಲ ಗಂಟೆ ಇಂಥವರ ಮನೆಯದು, ಅಡುಗೆಮನೆಯ ದೀಪ ಇಂಥವರ ಮನೆಯದು ಎಂದು ಹೇಳಿಕೊಳ್ಳಬೇಕಲ್ಲ, ಅದಕ್ಕೆ.

‘ಒಬ್ಬಳೇ ಇರುವವಳಿಗೆ ಇದೆಲ್ಲ ಯಾಕಮ್ಮ’ ಎಂದು ನೀವು ಕೇಳುತ್ತೀರಿ. ನೀವು ಕೇಳದಿದ್ದರೂ ಪಕ್ಕದ ಮನೆಯ ಮೇಷ್ಟ್ರು ಕೇಳಿ ಆಗಿದೆ. ಅಂಗಡಿಯಿಂದ ಡಬ್ಬಿ, ದೀಪಗಳನ್ನೆಲ್ಲ ಹೊತ್ತು ತಂದ ಇರ್ಫಾನ್ ಬಾಯಿಬಿಟ್ಟು ಕೇಳದೆ ಹುಬ್ಬಿನಲ್ಲೇ ಕೇಳಿದ. ನಿಜ ಹೇಳಬೇಕೆಂದರೆ ಇದನ್ನು ಒಬ್ಬಳಿಗಾಗಿ ಮಾಡಿಸಿದ್ದಲ್ಲ, ಇಬ್ಬರಿಗಾಗಿ ಮಾಡಿಸಿದ್ದು. ಆ ಎರಡನೆಯವಳು ಬರುತ್ತಾಳೋ ಇಲ್ಲವೋ ಎಂಬುದನ್ನು ಮಾತ್ರ ಅವಳನ್ನೇ ಇನ್ನೂ ಕೇಳಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಆ ಜಾತಿಯವಳು ನಾನು.

ಹೆಸರಿನ ಖಾನೆಯ ಮುಂದೆ ನಾನು ಸುಮ್ಮನೆ ಕೂತದ್ದನ್ನು ನೋಡಿ ಇರ್ಫಾನ್‌ಗೆ ಗಡಿಬಿಡಿಯಾಯಿತು. ಅವನಿಗೆ ಇನ್ನೂ ಎರಡು ಮನೆ ಬಾಕಿಯಿದ್ದವು.

“ಅಮ್ಮ, ಅದನ್ನ ಹಂಗೇ ಬಿಟ್ರೂ ನಡಿಯುತ್ತೆ. ಕಂಪನಿಯವ್ರೇ ಏನೋ ಒಂದು ಹಾಕಿರ್ತಾರೆ.”

“ಎಲ್ಲರ ಮನೆಗೂ ಅದೇ ಹೆಸರಾ?”

“ಹೂಂ, ಎಲ್ಲಾರ್ದೂ ಅದೇ.”

“ಹಂಗಾದ್ರೆ ಬೇಡ. ಅರಸೀಕೆರೆ ಡಾಟ್ ಕಾಮ್ ಅಂತ ಹಾಕು.”

ಅವನು ಹೌಹಾರಿದ. “ಬೇಡಮ್ಮ! ಆ ಹೆಸರು ಹೊರಗಡೆ ಯಾರ್ದಾದ್ರೂ ಆಗಿದ್ರೆ? ನಿಮ್ ಅಡುಗೆಮನೆ ಬಲ್ಬು ನಿಮ್ ಬಾಗಿಲನ್ನ ಹುಡುಕ್ಕೊಂಡು ಅವರ ಮನೆಗೆ ಹೋಗುತ್ತೆ!”

ಹೊರಗಿನ ಯಾರಿಗೂ ಮಾರದೆ ಮನೆಯೊಳಗಿನ ಬಳಕೆಗೆಂದೇ ಮೀಸಲಿಟ್ಟ ಒಂದು ಬಾಲವಿದೆಯಂತೆ, ‘ಇಂಟರ್ನಲ್’ ಎಂದು. ಅದನ್ನು ಕೊನೆಗೆ ಅಂಟಿಸಿಬಿಟ್ಟರೆ ಮುಂದೆ ಏನು ಬೇಕಾದರೂ ಇಟ್ಟುಕೊಳ್ಳಬಹುದು. ಆ ಹೆಸರು ಗೇಟು ದಾಟುವುದಿಲ್ಲ. ಗೇಟಿನ ಹೊರಗೆ ನಿಂತು ಅದನ್ನು ಎಷ್ಟು ಕೂಗಿದರೂ ಜಗತ್ತಿನಲ್ಲಿ ಯಾರೂ ಓಗೊಡುವುದಿಲ್ಲ. ಒಳಗೆ ಮಾತ್ರ ಎಲ್ಲವೂ ಓಗೊಡುತ್ತವೆ. ಇಷ್ಟು ಹೇಳಿ, ಯೋಚನೆ ಮಾಡಿಟ್ಟಿರಿ, ನಾಳೆ ಬರ್ತೀನಿ ಎಂದು ಇರ್ಫಾನ್ ಗಾಡಿ ಹತ್ತಿದ. ನನ್ನ ತಲೆ ಆಗಲೇ ಗಂಡಸಿಯ ಕಡೆಗೆ ಹೊರಟುಹೋಗಿತ್ತು.

ಗಂಡಸಿಯ ಹತ್ತಿರ ನಮ್ಮ ಅಜ್ಜಿಗೊಂದು ತೆಂಗಿನ ತೋಟವಿತ್ತು. ದೊಡ್ಡದೇನಲ್ಲ, ಆದರೆ ಒಂದೊಂದು ಮರಕ್ಕೂ ಅವಳು ಹೆಸರಿಟ್ಟಿದ್ದಳು. ಮೊದಲ ಕಾಯಿ ಗುಡಿಗೆ ಹೋಗುವುದು ದೇವರ ಮರ. ಸದಾ ಹೊಂಬಾಳೆ ಮುಡಿದು ಮದುವೆ ಗಂಡಿನ ಠೀವಿಯಿಂದ ನಿಂತದ್ದು ಮದ್ಲಿಂಗ. ಕಾಯಿ ಬಿಡುವುದು ಕಡಿಮೆ, ಕೆಳಗೆ ಯಾರಾದರೂ ನಡೆದರೆ ಗರಿ ಬೀಳಿಸುವುದು ಜಾಸ್ತಿ, ಅದು ಸೋದರತ್ತೆ. ಕಾಯಿ ಕೀಳಲು ಹೊಸಬ ಯಾರಾದರೂ ಬಂದರೆ ಅಜ್ಜಿ ಜಗುಲಿಯ ಮೇಲಿಂದಲೇ, “ಸೋದರತ್ತೆ ತಲೆ ಮ್ಯಾಲೆ ಎರಡು ಒಣಗ್ತಾವೆ ನೋಡ್ಲಾ, ಕೆಡವು” ಎಂದು ಕೂಗುವಳು. ಅವನು ಮನೆಯೊಳಗಿನ ಹೆಂಗಸರನ್ನು ನೋಡುವನು. ನಾವು ಮಕ್ಕಳು ನಗುತ್ತ ಹೋಗಿ ಮರ ತೋರಿಸುತ್ತಿದ್ದೆವು. ಆಮೇಲೆ ತೋಟ ಪಾಲಾಯಿತು, ಪಾಲಾದದ್ದು ಮಾರಿಹೋಯಿತು. ಮರಗಳು ಈಗಲೂ ಇವೆ. ಬಸ್ಸಿನಲ್ಲಿ ಆ ಕಡೆ ಹೋದಾಗ ಕಿಟಕಿಯಿಂದ ಸೋದರತ್ತೆ ಕಾಣುತ್ತಾಳೆ. ಅವಳು ಸೋದರತ್ತೆಯೆಂದು ಗೊತ್ತಿರುವವಳು ಈಗ ನಾನೊಬ್ಬಳೇ. ತೋಟ ಕೊಂಡವರಿಗೆ ಹೇಳೋಣವೆಂದು ಒಮ್ಮೆ ಅನ್ನಿಸಿತ್ತು. ಹುಚ್ಚಿ ಎಂದಾರೆಂದು ಸುಮ್ಮನಾದೆ.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಯಂತ್ರಕ್ಕೆ ನಂಬರು ಬೇಕು, ಮನುಷ್ಯರಿಗೆ ಹೆಸರು ಬೇಕು. ನಡುವೆ ಒಬ್ಬರು ಕೂತು ಹೆಸರನ್ನು ನಂಬರು ಮಾಡಿಕೊಡಬೇಕು. ಈಗ ಆ ಕೆಲಸವನ್ನು ಡಬ್ಬಿ ಮಾಡುತ್ತದೆ. ನನ್ನ ಕಾಲದಲ್ಲಿ ನಾನು ಮಾಡುತ್ತಿದ್ದೆ. ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಸೆಟ್ಟು, ಮುಂದೆ ತೂತುಗಳ ಬೋರ್ಡು, ಕೈಯಲ್ಲಿ ತೂತಿಗೆ ಸಿಕ್ಕಿಸುವ ಬಳ್ಳಿಯಂಥ ತಂತಿ, ಅದಕ್ಕೆ ಕಾರ್ಡು ಎನ್ನುತ್ತಿದ್ದೆವು. ಬೋರ್ಡಿನ ಮೇಲೆ ಪುಟ್ಟ ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದು ಅರ್ಥ. ಕಾರ್ಡು ಸಿಕ್ಕಿಸಿದರೆ ಆ ಕಡೆಯವರು ನಂಬರು ಹೇಳಬೇಕು. ಯಾರು ಹೇಳುತ್ತಿದ್ದರು?

“ಅವ್ವಾ, ನಮ್ ಮಾವನ ಮಂಡಿ ಕೊಡವ್ವ.”

“ಯಾವ ಮಾವ? ನಂಬರ್ ಹೇಳಿ.”

“ಅದೇ ಕಣವ್ವ, ಕೊಬ್ರಿ ಮಂಡಿ. ಮೂಗಿನ ಮ್ಯಾಲೆ ಮಚ್ಚೆ ಐತಲ್ಲ!”

ಮಚ್ಚೆಯ ಮೇಲೆ ನಂಬರು ಹುಡುಕಿ ಕೊಡುವುದನ್ನೂ ನಾವು ಕಲಿತೆವು. ಹಾರನಹಳ್ಳಿಯವರಿಗೆ ಡಾಕ್ಟರ ನಂಬರು ಬೇಕೆಂದರೆ ಮೊದಲು ದನದ ಡಾಕ್ಟರೋ ಜನದ ಡಾಕ್ಟರೋ ಎಂದು ಕೇಳಿಕೊಳ್ಳಬೇಕು. ಇದನ್ನೆಲ್ಲ ಈಗಿನ ಡಬ್ಬಿ ಮಾಡೀತೆ? ಅದಕ್ಕೆ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಸಾಕು, ಇಂಥವರು ಯಾರೂ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತದೆ.

ಊರ ಜನರಿಗೆ ಹೀಗೆ ಹೆಸರಿನ ಚಪಲವಿದ್ದರೆ ಆಪರೇಟರುಗಳಿಗೆ ಹೆಸರೇ ಇರಲಿಲ್ಲ. ಬೇರೆ ಊರಿನ ಎಕ್ಸ್‌ಚೇಂಜಿನ ಜೊತೆ ಮಾತಾಡುವಾಗ ನಾವೆಲ್ಲ ನಮ್ಮ ನಮ್ಮ ಊರುಗಳು. ನಾನು ಸುನಂದ ಅಲ್ಲ, ಅರಸೀಕೆರೆ. “ಏನ್ರೀ ಬೇಲೂರು, ತಿಂಡಿ ಆಯ್ತಾ?” “ಅರಸೀಕೆರೆ, ಸ್ವಲ್ಪ ತಾಳ್ರೀ, ಲೈನ್ ಬಿಜಿ.” ಊರಿಗೆ ಊರೇ ತಿಂಡಿ ತಿನ್ನುತ್ತಿತ್ತು, ಊರಿಗೆ ಊರೇ ನೆಗಡಿಯಾಗಿ ಸೀನುತ್ತಿತ್ತು. ಈ ಊರುಗಳ ಪೈಕಿ ಒಂದು ಹಳೇಬೀಡು.

ಬಸ್ಸಿನ ದಾರಿಯಲ್ಲಿ ಜಾವಗಲ್ ಆದ ಮೇಲೆ ಹಳೇಬೀಡು, ಅದಾದ ಮೇಲೆ ಬೇಲೂರು. ತಂತಿಯ ದಾರಿ ತಿರುಗುಮುರುಗು; ಬೇಲೂರಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಹಳೇಬೀಡಿಗೆ ಬರಬೇಕು. ಹಾಗಾಗಿ ನಾನೂ ಹಳೇಬೀಡೂ ಏನು ಮಾತಾಡಿದರೂ ನಡುವೆ ಬೇಲೂರು ಕೂತಿರುತ್ತಿತ್ತು. ಬೇಲೂರು ಗಂಡಸು, ಕೆಮ್ಮಿನವನು. ನಮ್ಮ ಮಾತು ರಂಗೇರಿದಾಗ ತಂತಿಯ ನಡುವಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. “ಯಾರ್ದೋ ಕೆಮ್ಮು ಜಾಸ್ತಿಯಾಗೈತೆ ಕಣೇ, ಕಷಾಯ ಕುಡೀಬೇಕು” ಎನ್ನುವಳು ಹಳೇಬೀಡು. ಕೆಮ್ಮು ತಟ್ಟನೆ ನಿಲ್ಲುವುದು. ಆ ಬೇಲೂರಿನ ಮುಖವನ್ನೂ ನಾವು ನೋಡಲಿಲ್ಲ, ಹೆಸರನ್ನೂ ತಿಳಿಯಲಿಲ್ಲ. ಬದುಕಿದ್ದಾನೋ ಇಲ್ಲವೋ, ಪುಣ್ಯಾತ್ಮ. ನಮ್ಮ ಅರ್ಧ ಜೀವಮಾನದ ಕಥೆ ಅವನಿಗೆ ಗೊತ್ತು.

ಟ್ರಂಕ್ ಕಾಲ್ ಮಾಡಿದ ಗಿರಾಕಿಗಳಿಗೆ ಮೂರು ನಿಮಿಷವಾದ ಕೂಡಲೇ ನಾವು ಹೇಳಬೇಕಿತ್ತು: “ತ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆನ್ಷನ್ ಬೇಕಾ?” ಬೇಕೆಂದರೆ ಇನ್ನೊಂದು ಮೂರು ನಿಮಿಷ. ಹಳೇಬೀಡು ಇದನ್ನು ನನ್ನ ಮೇಲೂ ಪ್ರಯೋಗಿಸುತ್ತಿದ್ದಳು. ನಮ್ಮಮ್ಮ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದ ದಿನ, ಲೈನ್ ಖಾಲಿಯಿದ್ದ ಮಧ್ಯಾಹ್ನ, ನಾನು ಹೆಡ್‌ಸೆಟ್ಟಿನೊಳಗೆ ಬಹಳ ಹೊತ್ತು ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಗಂಭೀರವಾಗಿ, “ತ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆನ್ಷನ್ ಬೇಕಾ?” ಎಂದಳು. ಅಳುತ್ತಲೇ ನಕ್ಕುಬಿಟ್ಟೆ. ಅವತ್ತು ಬೇಲೂರೂ ಕೆಮ್ಮಲಿಲ್ಲ.

ಕೆಲವು ವರ್ಷ ಹೀಗೆ ಮಾತಾಡಿದ ಮೇಲೆ ಒಂದು ರಜೆಯ ದಿನ ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು ಅವಳನ್ನು ನೋಡಲು ಹೊರಟೆ. ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೇ ಹೊಳೆದದ್ದು: ನನಗೆ ಅವಳ ಹೆಸರೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ಲೈನ್‌ಮನ್, “ಯಾರು ಬೇಕಾಗಿತ್ತಮ್ಮ?” ಎಂದ.

“ಹಳೇಬೀಡು” ಎಂದೆ.

“ಇದೇ ಕಣಮ್ಮ ಹಳೇಬೀಡು. ದೇವಸ್ಥಾನ ಆ ಕಡೆ.”

ಒಳಗಿನಿಂದ ಆ ದನಿ ಬಂತು. “ಯಾರೇ ಅದು, ಅರಸೀಕೆರೆಯಾ?”

ದನಿ ಕೇಳಿ ನಾನು ಕಟ್ಟಿಕೊಂಡಿದ್ದ ಹಳೇಬೀಡು ದೊಡ್ಡ ಕುಂಕುಮದ, ತುಂಬು ತೋಳಿನ ಎತ್ತರದ ಹೆಂಗಸು. ಎದ್ದು ಬಂದವಳು ನನ್ನ ಭುಜಕ್ಕೆ ಬರುವ ಕಡ್ಡಿಯಂಥ ಹುಡುಗಿ, ಹಣೆ ಬರಿದು. ಮದುವೆಯಾದ ಎರಡನೆಯ ವರ್ಷ ಗಂಡ ಹೋಗಿದ್ದ. ಕಮಲಾಕ್ಷಿ ಎಂದು ಹೆಸರು. ಅವಳೂ ನನ್ನನ್ನು ಮೇಲೆ ಕೆಳಗೆ ನೋಡಿ, “ನಿನ್ ದನಿ ಕೇಳಿ ಬೆಳ್ಳಗಿದ್ದೀಯ ಅಂದ್ಕಂಡಿದ್ದೆ ಕಣೇ” ಎಂದಳು. ಆಮೇಲೆ ಏನಾಯಿತು ಗೊತ್ತೆ? ಇಬ್ಬರಿಗೂ ಮಾತು ಹೊರಡಲಿಲ್ಲ. ಕೆರೆ ಏರಿಯ ಮೇಲೆ ಕೂತೆವು, ಮಿಠಾಯಿ ತಿಂದೆವು, ನೀರು ನೋಡಿದೆವು. ಬೀಗರ ಮನೆಯ ಹೆಂಗಸರ ಹಾಗೆ ‘ಮಳೆ ಹೇಗೆ, ಬೆಳೆ ಹೇಗೆ’ ಎಂದು ಕೇಳಿಕೊಂಡೆವು. ಸಂಜೆ ಅರಸೀಕೆರೆಗೆ ಬಂದು ಎಕ್ಸ್‌ಚೇಂಜಿಗೆ ಹೋಗಿ ಕಾರ್ಡು ಸಿಕ್ಕಿಸಿದ ಮೇಲೇ ಇಬ್ಬರಿಗೂ ಬಾಯಿ ಬಂದದ್ದು. “ಸೇರ್ಕಂಡ್ಯಾ? ಅಬ್ಬಾ! ಈಗ ಹೇಳು” ಎಂದಳು. ಆ ದಿನ ತಂದ ಸಂಕೋಚದಿಂದಲೋ ಏನೋ, ನಾನು ಅವಳನ್ನು ಕಮಲಾಕ್ಷಿ ಎಂದು ಒಮ್ಮೆಯೂ ಕರೆಯಲಿಲ್ಲ. ಅವಳೂ ನನ್ನನ್ನು ಸುನಂದ ಎನ್ನಲಿಲ್ಲ.

ಬೋರ್ಡು ಹೋಯಿತು, ಆಟೋಮ್ಯಾಟಿಕ್ ಬಂತು. ನಮ್ಮನ್ನು ಬಿಲ್ಲು, ಫೈಲುಗಳ ಕಡೆ ಕೂರಿಸಿದರು. ಅದೂ ಮುಗಿದು ನಿವೃತ್ತಿಯಾಯಿತು. ಊರೆಲ್ಲ ಮೊಬೈಲು ಹಿಡಿದರೂ ನಾವಿಬ್ಬರೂ ಲ್ಯಾಂಡ್‌ಲೈನು ಬಿಡಲಿಲ್ಲ. ದಿನಾ ಸಂಜೆ, ಸ್ಟೇಷನ್ನಿನಲ್ಲಿ ಮೈಸೂರು ಕಡೆಯ ಗಾಡಿಯ ಅನೌನ್ಸ್‌ಮೆಂಟು ಮನೆಯವರೆಗೆ ಕೇಳಿಸಿತೆಂದರೆ ನನ್ನ ಕೈ ರಿಸೀವರಿಗೆ ಹೋಗುತ್ತಿತ್ತು. “ಹಳೇಬೀಡು?” “ಹೇಳು ಅರಸೀಕೆರೆ.” ಮದುವೆಯಾಗದೆ ಉಳಿದವಳೆಂದು ನೆಂಟರು ನನ್ನನ್ನು ಕನಿಕರಿಸುತ್ತಿದ್ದ ಅಷ್ಟೂ ವರ್ಷ ನನಗೆ ಒಂಟಿಯೆಂದು ಅನ್ನಿಸಿರಲಿಲ್ಲ. ಅದಕ್ಕೆ ಕಾರಣ ಆ ಎರಡು ಪದ.

ಆಮೇಲೆ ಲೈನು ಕೆಟ್ಟಿತು. ಅಂದರೆ, ಕೆಟ್ಟಿತೆಂದು ನಾವು ಅಂದುಕೊಂಡೆವು.

“ಏನೇ, ಗೊಗ್ಗರು ಗೊಗ್ಗರು ಕೇಳ್ತೈತೆ. ಜೋರಾಗಿ ಹೇಳು” ಎನ್ನತೊಡಗಿದಳು. ಜೋರಾಗಿ ಹೇಳಿದೆ. ಕೆಲವು ವಾರ ಕಳೆದ ಮೇಲೆ, “ಲೈನು ಪೂರಾ ಹಾಳಾಗೈತೆ ಕಣೇ, ನಿನ್ ಕಡೆ ನೋಡ್ಸು” ಎಂದಳು. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಕಿವಿಯ ಕಡೆ ಬೆರಳು ತೋರಿಸುತ್ತಿದ್ದರು. ಜೀವಮಾನವಿಡೀ ಲೈನನ್ನು ಬೈದುಕೊಂಡು ಬದುಕಿದ ನಮಗೆ ಅದು ಹೊಳೆಯಲೇ ಇಲ್ಲ. ಕೇಳಿಸದಿದ್ದರೆ ದೋಷ ತಂತಿಯದು; ಕಿವಿಯದು ಹೇಗಾದೀತು? ನಾನು ಕಂಪ್ಲೇಂಟ್ ಮೇಲೆ ಕಂಪ್ಲೇಂಟ್ ಕೊಟ್ಟೆ. ಲೈನ್‌ಮನ್ ಬಂದು ನೋಡಿ, “ಚೆನ್ನಾಗೈತಲ್ಲ ಮೇಡಂ” ಎಂದ. ನನಗೇ ಹೇಳಿಕೊಡುತ್ತೀಯಾ ಎಂದು ಗದರಿದೆ. ಪಾಪ, ಕಂಬದಿಂದ ಮನೆಯವರೆಗೆ ಹೊಸ ತಂತಿ ಎಳೆದುಕೊಟ್ಟು ಹೋದ. ಅವಳೂ ಆ ಕಡೆ ಇನ್ನೊಬ್ಬ ಲೈನ್‌ಮನ್‌ನ ಪ್ರಾಣ ತಿಂದು ಹೊಸ ತಂತಿ ಎಳೆಸಿದಳು. ಎರಡು ಊರಿನಲ್ಲೂ ಹೊಸ ತಂತಿ ಬಂದ ಸಂಜೆ ಫೋನ್ ಮಾಡಿ, “ಹಳೇಬೀಡು? ಈಗ ಕೇಳ್ತದಾ?” ಎಂದೆ. ಅವಳು, “ಹಲೋ? ಹಲೋ? ಅರಸೀಕೆರೆ, ಇದೀಯಾ?” ಎನ್ನುತ್ತಲೇ ಇದ್ದಳು. ಇದ್ದೀನಿ ಎಂದೆ. ಇದ್ದೀನಿ ಕಣೇ ಎಂದು ಕೂಗಿದೆ. ಕೊನೆಗೆ ರಿಸೀವರು ಕೈ ಬದಲಾಯಿಸಿತು. ಅವಳ ತಮ್ಮನ ಹೆಂಡತಿ ಮಂಜುಳ.

“ಅಕ್ಕಾ, ಲೈನು ಸರಿಯಾಗೇ ಐತೆ. ನೀವು ಮಾತಾಡಿದ್ದು ನಂಗೆ ಚೆನ್ನಾಗಿ ಕೇಳ್ತು. ಅತ್ಗೆಗೇ...” ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಹಾಸನದ ಡಾಕ್ಟರು ಕಿವಿಯ ನರ ಸೋತಿದೆ ಎಂದರು. ಮಿಷನ್ ಕೊಟ್ಟರು. ಅದನ್ನು ಹಾಕಿಕೊಂಡರೆ ಬಸ್ ಸ್ಟ್ಯಾಂಡೇ ತಲೆಯೊಳಗೆ ನುಗ್ಗಿದ ಹಾಗಾಗುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ ಎಂದು ಅವಳು ಅದನ್ನು ಅರಿಶಿನದ ಡಬ್ಬಿಯ ಪಕ್ಕ ಇಟ್ಟುಬಿಟ್ಟಳು. ಮಂಜುಳ ಮೊಬೈಲಿನಲ್ಲಿ ಮೆಸೇಜು ನೋಡುವುದನ್ನು ಕಲಿಸಿದಳು. ನಾನು ಪುಟಗಟ್ಟಲೆ ಬರೆದು ಕಳಿಸಿದರೆ ಅವಳಿಂದ ಬರುವುದು ಜೋಡಿಸಿದ ಎರಡು ಕೈ. ಹುಟ್ಟಿದ ಸುದ್ದಿಗೂ ಅದೇ ಕೈ, ಸತ್ತ ಸುದ್ದಿಗೂ ಅದೇ ಕೈ.

ಸಂಜೆ ಮೈಸೂರು ಗಾಡಿಯ ಅನೌನ್ಸ್‌ಮೆಂಟು ಈಗಲೂ ಬರುತ್ತದೆ. ಕೈ ಈಗಲೂ ತಾನಾಗಿ ಏಳುತ್ತದೆ. ಎದ್ದ ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ದೀಪದ ಬತ್ತಿ ಸರಿ ಮಾಡುತ್ತೇನೆ, ಬಾಗಿಲ ಚಿಲಕ ಒರೆಸುತ್ತೇನೆ. ಸುನಂದಮ್ಮ ಎನ್ನುವವರು ಬೀದಿ ತುಂಬ ಇದ್ದಾರೆ. ಅರಸೀಕೆರೆ ಎನ್ನುವವರು ಯಾರೂ ಇಲ್ಲ. ಇಷ್ಟು ದೊಡ್ಡ ಊರಿನ ಹೆಸರು ಹೊತ್ತ ನನ್ನನ್ನು ಕರೆಯುವವರಿಲ್ಲ ಎಂದು ಒಬ್ಬಳೇ ಕೂತು ಅತ್ತದ್ದೂ ಇದೆ. ಅಳುವುದಕ್ಕೆ ಮೂರು ನಿಮಿಷದ ಕಟ್ಟಳೆಯೂ ಇರಲಿಲ್ಲ.

ಇಂಥ ಒಂದು ಸಂಜೆಯೇ ನನಗೆ ಈ ಉಪಾಯ ಹೊಳೆದದ್ದು. ಅವಳನ್ನು ಇಲ್ಲಿಗೇ ಕರೆತಂದುಬಿಡುವುದು. ಪೂರ್ವದ ಕೋಣೆ ಖಾಲಿಯಿದೆ. ಕಿವಿ ಕೇಳಿಸದವಳಿಗೆ ಮನೆ ಅನುಕೂಲವಾಗಬೇಕಷ್ಟೆ. ಬಾಗಿಲ ಗಂಟೆ ಒತ್ತಿದರೆ ಪ್ರತಿ ಕೋಣೆಯಲ್ಲೂ ದೀಪ ಮಿಟುಕಬೇಕು. ನಾನು ಅಡುಗೆಮನೆಯಿಂದ ಗುಂಡಿ ಒತ್ತಿದರೆ ಅವಳ ಮಂಚದ ಹತ್ತಿರದ ದೀಪ ಹತ್ತಬೇಕು, ಅವಳು ಒತ್ತಿದರೆ ನನ್ನದು. ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಅರ್ಧ ಆಯಸ್ಸು ಅದನ್ನೇ ಮಾಡಿದವಳು. ಇದಕ್ಕೇ ಡಬ್ಬಿ, ಇದಕ್ಕೇ ಜಾಲ, ಇದಕ್ಕೇ ಹೆಸರು.

ಮರುದಿನ ಇರ್ಫಾನ್ ಬರುವ ಮೊದಲೇ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಹೆಸರುಗಳ ಪಟ್ಟಿ ಒಪ್ಪಿಸಿದರು. ಶಾಂತಿನಿಲಯ, ಮಾತೃಛಾಯಾ, ಆನಂದಧಾಮ. ಅವರ ಮನೆಗೆ ಆನಂದಧಾಮವೆಂದೇ ಹೆಸರು. ಗಂಡ ಹೆಂಡಿರ ಜಗಳ ನನ್ನ ಹಿತ್ತಲವರೆಗೆ ಕೇಳಿಸುತ್ತದೆ.

“ಹಳೇಬೀಡು ಅಂತ ಇಡ್ತೀನಿ ಮೇಷ್ಟ್ರೇ” ಎಂದೆ.

“ಛೆ ಛೆ, ಏನಮ್ಮ ನೀವು! ಹಾಳಾದ ಬೀಡು ಅಂತ ಯಾರಾದ್ರೂ ಮನೆಗೆ ಹೆಸರಿಡ್ತಾರಾ? ದಂಡು ಬಂದು ಲೂಟಿ ಮಾಡಿದ ಊರು ಅದು.”

“ಬಂದ ದಂಡು ಹೋಯ್ತು, ಊರು ಇದೆಯಲ್ಲ ಮೇಷ್ಟ್ರೇ. ಹೋದ ವಾರ ಬಸ್ಸು ನಿಂತಿದ್ದನ್ನ ನಾನೇ ನೋಡ್ದೆ.”

ಇರ್ಫಾನ್ ಏನೂ ಕೇಳಲಿಲ್ಲ. ‘ಹಳೇಬೀಡು ಡಾಟ್ ಇಂಟರ್ನಲ್’ ಎಂದು ಹೊಡೆದ. ಬಾಗಿಲು ಡಾಟ್ ಹಳೇಬೀಡು, ಅಡುಗೆಮನೆ ಡಾಟ್ ಹಳೇಬೀಡು ಎಂದು ಒಂದೊಂದಕ್ಕೂ ಹೆಸರು ಕೊಟ್ಟ. ಆಮೇಲೆ ಹೊರಗೆ ಹೋಗಿ ಗಂಟೆ ಒತ್ತಿದ. ನಾನು ಪೂರ್ವದ ಕೋಣೆಯಲ್ಲಿ, ಅವಳಿಗೆಂದು ಹಾಸಿದ ಮಂಚದ ಮೇಲೆ ಕೂತಿದ್ದೆ. ದೀಪ ಮಿಟುಕಿತು. ಹಳೆಯ ಬೋರ್ಡಿನ ದೀಪದ ಹಾಗೆಯೇ. ಬಲಗೈ ಕಾರ್ಡು ಹುಡುಕಿತು.

ಆ ಭಾನುವಾರವೇ ಜಾವಗಲ್ ಬಸ್ಸು ಹತ್ತಿದೆ. ಹಳೇಬೀಡು ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಈಗ ಅವಳ ಜೊತೆ ಮಾತೆಂದರೆ ಸ್ಲೇಟು. ಮಂಜುಳಳ ಮಗಳು ಒಂದನೇ ಕ್ಲಾಸಿನಲ್ಲಿ ಬರೆಯುತ್ತಿದ್ದ ಸ್ಲೇಟಿಗೆ ದಾರ ಕಟ್ಟಿ ಪಕ್ಕದಲ್ಲಿಟ್ಟುಕೊಂಡಿರುತ್ತಾಳೆ. ನಾವು ಬರೆಯಬೇಕು, ಅವಳು ಓದಿ ಬಾಯಲ್ಲಿ ಉತ್ತರ ಹೇಳುತ್ತಾಳೆ. ತನ್ನ ದನಿ ತನಗೇ ಕೇಳಿಸದ್ದರಿಂದ ಜೋರಾಗಿ ಹೇಳುತ್ತಾಳೆ. ನಮ್ಮ ಗುಟ್ಟೆಲ್ಲ ಬೀದಿಗೆ. ಬೇಲೂರಿನ ಶಾಪ ತಟ್ಟಿರಬೇಕು.

ಮಂಜುಳ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ತಿಂದು ಕೈ ತೊಳೆದು ನಾನು ಸ್ಲೇಟಿನ ಮೇಲೆ ಬರೆದೆ: ‘ನಮ್ಮನೆಗೆ ಬಂದುಬಿಡು. ಇರೋದಕ್ಕೆ.’ ಆಮೇಲೆ ಒರೆಸಿ ಒರೆಸಿ ದೀಪಗಳ ವಿಷಯ, ಅವಕ್ಕಾಗಿ ಮನೆಗೊಂದು ಹೆಸರಿಡಬೇಕಾದ ವಿಷಯ ಬರೆದೆ. ಅವಳು ಓದುತ್ತ ಹೋದಳು. ದೀಪದ ಮಾತು ಬಂದಾಗ ಮುಖ ಅರಳಿತು. ಹತ್ತಿ ಆರುತ್ತದೋ, ಹತ್ತಿಕೊಂಡೇ ಇರುತ್ತದೋ ಎಂದು ವಿಚಾರಿಸಿದಳು. ಒಪ್ಪಿದಳು ಎಂದುಕೊಂಡೆ.

“ನಿಂಗೆ ಬೇಜಾರು. ಅದಕ್ಕೆ ಕರೀತಿದ್ದೀಯ” ಎಂದಳು.

ನಾನು ‘ಹೌದು’ ಎಂದು ಬರೆದೆ. ದೊಡ್ಡದಾಗಿ, ಸ್ಲೇಟು ತುಂಬ.

ಅವಳು ಆ ಪದದ ಮೇಲೆ ಬೆರಳಿಟ್ಟಳು. “ನಂಗೂ ಐತೆ ಕಣೇ ಬೇಜಾರು. ಆದ್ರೆ ಬರಕ್ಕಾಗಾಕಿಲ್ಲ. ಇಲ್ಲಿ ಅಂಗಡಿಯೋನು ಬೆರಳು ತೋರ್ಸಿ ರೇಟ್ ಹೇಳ್ತಾನೆ. ಹಿಂದಿನಿಂದ ಬಸ್ ಬಂದ್ರೆ ಯಾರಾದ್ರೂ ಕೈ ಹಿಡ್ದು ಎಳೀತಾರೆ. ನಾನು ಇವ್ರ ಕಿವುಡಿ. ನಿನ್ನೂರಲ್ಲಿ ಹೊಸ ಕಿವುಡಿ ಆಗ್ಬೇಕಲ್ಲ, ಈ ವಯಸ್ನಲ್ಲಿ.”

ನಾನು ಏನೋ ಬರೆಯಹೋದೆ. ಅವಳು ಬಳಪ ಹಿಡಿದ ಕೈ ಅದುಮಿದಳು.

“ಇನ್ನೊಂದು ಕೇಳು. ಒಂದೇ ಮನೇಲಿ ಎದುರಾ ಬದುರಾ ಕೂತ್ಕಂಡು ನಿನ್ನ ಅರಸೀಕೆರೆ ಅಂತ ಕರೆಯಕ್ಕಾಯ್ತದಾ? ಅವತ್ತು ಕೆರೆ ಏರಿ ಮ್ಯಾಲೆ ನಮ್ ಗತಿ ಏನಾಯ್ತು, ನೆನಪೈತಾ? ಲೈನು ಅಂದ್ರೆ ಆ ಕಡೆ ಒಬ್ರು, ಈ ಕಡೆ ಒಬ್ರು ಇರ್ಬೇಕು. ಇಬ್ರೂ ಒಂದೇ ಕಡೆ ಕೂತ್ರೆ ಅದ್ಯಾವ ಲೈನೇ?”

ಒಳಗೆ ಮಂಜುಳ ಪಾತ್ರೆ ಇಟ್ಟ ಸದ್ದಾಯಿತು. ಅವಳೂ ಕೇಳಿಸಿಕೊಂಡಿದ್ದಳು. ನನಗೆ ಸಿಟ್ಟು ಬಂತು. ಕೇಳಿಸದ ಲೈನಿಗೆ ಎರಡು ಕಡೆ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಬರೆಯಬೇಕೆನ್ನಿಸಿತು. ಬರೆಯಲಿಲ್ಲ. ಮನೆಯಲ್ಲಿ ಪ್ರತಿ ಕೋಣೆಗೂ ಹಾಕಿಸಿಟ್ಟ ದೀಪ ನೆನಪಾಗಿ, ಹೊರಡುತ್ತೇನೆ ಎಂದು ಕೈ ಮಾಡಿ ಎದ್ದೆ.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು, ಹೆಗಲಿಗೆ ಸ್ಲೇಟು ನೇತುಹಾಕಿಕೊಂಡು. ದೇವಸ್ಥಾನ ನೋಡಿ ಬಂದವರು ಎಳನೀರು ಕುಡಿಯುತ್ತಿದ್ದರು. ಬಸ್ಸು ನಿಂತಿತ್ತು, ಡ್ರೈವರ್ ಟೀ ಕುಡಿಯಲು ಹೋಗಿದ್ದ. ಕಟ್ಟೆಯ ಮೇಲೆ ಕೂತೆವು. ಹಿಂದಿನಂತೆಯೇ ಇಬ್ಬರಿಗೂ ಮಾತಿಲ್ಲ. ಅವಳೇ ಕೇಳಿದಳು, “ಅದೇನೋ ಮನೆಗೆ ಹೆಸ್ರು ಇಡ್ಬೇಕು ಅಂತ ಬರ್ದೆಯಲ್ಲ. ಏನಿಟ್ಟೆ?”

ಸ್ಲೇಟು ತೆಗೆದುಕೊಂಡು ಬರೆದೆ: ‘ಹಳೇಬೀಡು.’

ಓದಿದಳು. ಬಸ್ಸಿನ ಬೋರ್ಡು ನೋಡಿದಳು, ಮತ್ತೆ ಸ್ಲೇಟು ನೋಡಿದಳು. ‘ಇದು ಯಾರಿಗೆಲ್ಲ ಗೊತ್ತು’ ಎಂಬಂತೆ ಸುತ್ತ ಕೈ ತಿರುಗಿಸಿದಳು. ಯಾರಿಗೂ ಇಲ್ಲ, ಗೇಟು ದಾಟುವುದಿಲ್ಲ ಎಂದು ನಾನು ತಲೆಯಾಡಿಸಿದೆ. ಅವಳು ಸೆರಗಿನ ತುದಿಯಿಂದ ಸ್ಲೇಟನ್ನು ನಿಧಾನವಾಗಿ ಒರೆಸಿ, ನನ್ನ ಕೈಗೆ ಸಿಗದ ಹಾಗೆ ಕಂಕುಳಲ್ಲಿ ಇಟ್ಟುಕೊಂಡಳು. ಬೆನ್ನು ನೆಟ್ಟಗೆ ಮಾಡಿ ಕೂತಳು. ಹೆಡ್‌ಸೆಟ್ಟು ಸರಿಮಾಡಿಕೊಳ್ಳುವವಳಂತೆ ಬಲಗಿವಿಯ ಮೇಲೆ ಕೈಯಿಟ್ಟಳು. ನನ್ನನ್ನು ನೋಡಲಿಲ್ಲ, ಎದುರಿಗೆ ನೋಡುತ್ತ ಹೇಳಿದಳು:

“ಹಳೇಬೀಡು. ಹೇಳು ಅರಸೀಕೆರೆ.”

ಎಷ್ಟು ತಿಂಗಳಾಗಿತ್ತು ಆ ಮಾತು ಕಿವಿಗೆ ಬಿದ್ದು! ನಾನು ಸ್ಲೇಟಿಗೆ ಕೈ ಚಾಚಿದೆ. “ಬರೀಬ್ಯಾಡ. ಮಾತಾಡು” ಎಂದಳು.

ಮಾತಾಡಿದೆ. ನಾನೂ ಎದುರಿಗೆ ನೋಡುತ್ತ ಮಾತಾಡಿದೆ. ಗೇಟಿನ ಕಣಜದ ಗೂಡು, ಆನಂದಧಾಮದ ಜಗಳ, ಮೊಣಕಾಲಿನ ನೋವು, ಸಂಜೆಯ ಅನೌನ್ಸ್‌ಮೆಂಟು ಬಂದಾಗ ಏಳುವ ಕೈ, ಸೋದರತ್ತೆ ಮರ ಈ ಸಲ ಚೆನ್ನಾಗಿ ಕಾಯಿ ಬಿಟ್ಟದ್ದು. ನೀನು ಬರುತ್ತೀಯೆಂದು ಮಂಚಕ್ಕೆ ಹೊಸ ಹಾಸಿಗೆ ಹೊಲಿಸಿದ್ದೆ ಕಣೇ ಎಂದೂ ಹೇಳಿದೆ. ಅವಳು ನಡುನಡುವೆ ‘ಹೂಂ’ ಎನ್ನುತ್ತಿದ್ದಳು, ಹೂಂಗುಟ್ಟಬೇಕಾದ ಕಡೆಯೂ, ಬೇಡದ ಕಡೆಯೂ. ಎಳನೀರಿನವನು ನಮ್ಮಿಬ್ಬರನ್ನೂ ಒಂದು ಥರ ನೋಡಿದ. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಅದು ಅವಳಿಗೆ ಹೇಗೆ ತಿಳಿಯಿತೋ, ಗಿರಾಕಿಗಳಿಗೆ ಹೇಳುತ್ತಿದ್ದ ಆ ಹಳೆಯ ದನಿಯಲ್ಲಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸುವ ಹಾಗೆ ಕೇಳಿದಳು:

“ತ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆನ್ಷನ್ ಬೇಕಾ?”

ಬೇಕು ಎಂದೆ. ಅಷ್ಟರಲ್ಲಿ ಡ್ರೈವರ್ ಬಂದು ಹತ್ತಿದ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಅರಸೀಕೆರೆ, ಅರಸೀಕೆರೆ, ಅರಸೀಕೆರೆ!” ಎಂದು ಕೂಗಿದ. ಹಳೇಬೀಡಿಗೆ ಅದು ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ ಎಂದೇ ಇಟ್ಟುಕೊಳ್ಳಿ.